ಸಿಟ್‌ಔಟ್‌ಗೆ ಯಾವ ನೆಲ? ಬರಿಗಾಲಿನ ಲೆಕ್ಕವೇ ಬೇರೆ

[ಪರದೆ ಮೇಲೆ: ಜೋರು ಮಳೆ, ಗ್ರಿಲ್ಸ್ ಹಾಕಿದ ಜಗಲಿ, ಒದ್ದೆ ನೆಲ]

ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಕಡೆಯ ಅಕ್ಕ ಒಬ್ಬರು ಕೇಳಿದ್ದಾರೆ: "ಮನೆ ಎದುರಿನ ಜಗಲಿಗೆ, ಅಂದರೆ ಸಿಟ್‌ಔಟ್‌ಗೆ, ಶೀಟ್ ಹಾಕಿಸಿ ಗ್ರಿಲ್ಸ್ ಕೂರಿಸಿದ್ದೇವೆ. ಈಗ ನೆಲ ಆಗಬೇಕು. ಮತ್ತೆ ಮತ್ತೆ ಕೀಳಿಸುವ ಹಾಗೆ ಇರಬಾರದು. ಎಂತ ಹಾಕಿಸುವುದು?" ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮನೆ ಕಟ್ಟಿಸುವವರೆಲ್ಲ ಕೇಳುವ ಪ್ರಶ್ನೆ ಇದು.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ನಮ್ಮ ಊರಿನ ಜಗಲಿಗೆ ಗೀರು ಬೀಳದ ನೆಲ ಹುಡುಕುವುದು ಎರಡನೇ ಕೆಲಸ. ಒದ್ದೆ ಬರಿಗಾಲು ಜಾರದ ನೆಲ ಹುಡುಕುವುದು ಮೊದಲ ಕೆಲಸ. ಅಂಗಡಿಯಲ್ಲಿ ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ.

ಯಾಕೆ ಅಂದರೆ, ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗಾಳಿ ಬೀಸಿದರೆ ಎರಚಲು ಗ್ರಿಲ್ಸ್ ದಾಟಿ ಬಾಗಿಲ ಬುಡಕ್ಕೇ ಬರುತ್ತದೆ. ಎರಚಲು ಬಾರದ ಮೂಲೆಯೂ ಬೆವರುತ್ತದೆ. ತಣ್ಣಗಿನ ನೆಲಕ್ಕೆ ತೇವದ ಗಾಳಿ ತಾಗಿದರೆ ಸಣ್ಣ ಸಣ್ಣ ಹನಿ ಕೂರುತ್ತದೆ, ನೋಡಿದ್ದೀರಲ್ವಾ? ಅದರ ಮೇಲೆ ನಾವು ಚಪ್ಪಲಿ ಮೆಟ್ಟಿಲಲ್ಲಿ ಬಿಟ್ಟು ಬರಿಗಾಲಲ್ಲಿ ನಡೆಯುತ್ತೇವೆ. ಅಜ್ಜ ಅಜ್ಜಿ ಇರುವ ಮನೆಯಲ್ಲಿ ಆ ನೆಲ ಎಷ್ಟು ಹೊಳೆಯುತ್ತದೆ ಅನ್ನುವುದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮೂಲ ವಿಷಯ ಬೇಗ ಮುಗಿಸುತ್ತೇನೆ. ನಮಗೆ ಸಿಗುವುದು ಸೆರಾಮಿಕ್ ಟೈಲ್, ವಿಟ್ರಿಫೈಡ್ ಟೈಲ್, ಗ್ರಾನೈಟ್, ಕೋಟಾ, ಕಡಪ, ಕಾವಿ ನೆಲ, ಮಣ್ಣಿನ ಹಂಚು. ಟೈಲ್‌ನಲ್ಲಿ ಮುಖ್ಯ ವ್ಯತ್ಯಾಸ ನೀರು ಕುಡಿಯುವುದರಲ್ಲಿ. ವಿಟ್ರಿಫೈಡ್ ತನ್ನ ತೂಕದ 0.5 ಶೇಕಡಾಕ್ಕಿಂತ ಜಾಸ್ತಿ ನೀರು ಎಳೆಯುವುದಿಲ್ಲ. ಸೆರಾಮಿಕ್ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಎಳೆಯುತ್ತದೆ. ಒಡೆದ ತುಂಡು ಸಿಕ್ಕಿದರೆ ಒಡೆದ ಬದಿಗೆ ಒಂದು ಹನಿ ನೀರು ಬಿಡಿ.

[ಹತ್ತಿರದ ದೃಶ್ಯ: ಎರಡು ತುಂಡು, ಎರಡರ ಮೇಲೂ ಒಂದೊಂದು ಹನಿ]

ಎಡಗಡೆಯದು ಸೆರಾಮಿಕ್. ಹನಿ ಕೂತಲ್ಲೇ ಹರಡಿತು, ಅಂಚು ಮಸುಕಾಯಿತು, ಈಗ ಬರೀ ಕಪ್ಪು ಮಚ್ಚೆ ಉಳಿದಿದೆ. ಬಲಗಡೆಯದು ವಿಟ್ರಿಫೈಡ್. ಹನಿ ಗುಂಡಗೆ ಹಾಗೇ ಕೂತಿದೆ. ಮಳೆ ತಾಗುವ ಜಗಲಿಗೆ ಬಲಗಡೆಯದು. ಇಲ್ಲಿಗೆ ಮೂಲ ವಿಷಯ ಮುಗಿಯಿತು.

ಈಗ ಬರುತ್ತದೆ ನನಗೆ ತುಂಬ ಇಷ್ಟವಾದ ಭಾಗ.

ಟೈಲ್ ಅಂಗಡಿಯಲ್ಲಿ "ಆಂಟಿ ಸ್ಕಿಡ್ ಉಂಟಾ?" ಅಂತ ಕೇಳಿದರೆ, "ಉಂಟು ಉಂಟು, ಆರ್ 9" ಅನ್ನುತ್ತಾರೆ. ಕೇಳಲಿಕ್ಕೆ ಹತ್ತರಲ್ಲಿ ಒಂಬತ್ತು ಮಾರ್ಕು ಬಂದ ಹಾಗೆ ಅನಿಸುತ್ತದೆ. ಆದರೆ ಈ ಲೆಕ್ಕ ಶುರುವಾಗುವುದೇ ಒಂಬತ್ತರಿಂದ. ಆರ್ 9 ಅತಿ ಕೆಳಗಿನ ದರ್ಜೆ. ಮೇಲಿನದು ಆರ್ 13.

ಈ ಸಂಖ್ಯೆ ಎಲ್ಲಿಂದ ಬರುತ್ತದೆ ಗೊತ್ತಾ? ಇದು ಜರ್ಮನಿಯಲ್ಲಿ ಹುಟ್ಟಿದ ಒಂದು ಪರೀಕ್ಷೆ, ಡಿಐಎನ್ 51130. ಮೇಲೆ ಕೆಳಗೆ ಮಾಡಬಹುದಾದ ಒಂದು ಇಳಿಜಾರು ಹಲಗೆ ಇರುತ್ತದೆ. ಅದಕ್ಕೆ ಟೈಲ್ ಕೂರಿಸಿ ಇಂಜಿನ್ ಆಯಿಲ್ ಬಳಿಯುತ್ತಾರೆ. ಒಬ್ಬ ಮನುಷ್ಯ ಸೊಂಟಕ್ಕೆ ಹಗ್ಗದ ಪಟ್ಟಿ ಕಟ್ಟಿಕೊಂಡು, ಕಾಲಿಗೆ ಬೂಟು ಹಾಕಿಕೊಂಡು ಅದರ ಮೇಲೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಮುಂದೆ ಹಿಂದೆ ನಡೆಯುತ್ತಾನೆ. ಹಲಗೆ ನಿಧಾನಕ್ಕೆ ಏರುತ್ತಾ ಹೋಗುತ್ತದೆ. ಇನ್ನು ನಿಲ್ಲಲಿಕ್ಕೆ ಆಗುವುದಿಲ್ಲ ಅನ್ನುವ ಹಂತ ಬಂದಾಗ ಕೋನ ಎಷ್ಟು ಅಂತ ಬರೆದುಕೊಳ್ಳುತ್ತಾರೆ. ಅಷ್ಟೇ. ಇಷ್ಟೆಲ್ಲ ಯಂತ್ರ ಇರುವ ಕಾಲದಲ್ಲೂ ನೆಲ ಜಾರುತ್ತದಾ ಇಲ್ಲವಾ ಅಂತ ತಿಳಿಯಲಿಕ್ಕೆ ಅಲ್ಲಿ ಒಬ್ಬ ಮನುಷ್ಯನೇ ನಡೆಯಬೇಕು. ನನಗೆ ಇದು ಓದಿದಾಗ ಬಹಳ ಖುಷಿಯಾಯಿತು.

[ಪರದೆ ಮೇಲೆ: ಏರುತ್ತಿರುವ ಹಲಗೆಯ ಚಿತ್ರ, ಪಕ್ಕದಲ್ಲಿ ಕೋನ]

6ರಿಂದ 10 ಡಿಗ್ರಿ ಒಳಗೆ ಜಾರಿದರೆ ಆರ್ 9. 10ರಿಂದ 19 ಆದರೆ ಆರ್ 10. 19ರಿಂದ 27 ಆದರೆ ಆರ್ 11. 27ರಿಂದ 35 ಆರ್ 12. ಅದಕ್ಕೂ ಮೇಲೆ ನಿಂತರೆ ಆರ್ 13.

ಆದರೆ ಒಂದು ವಿಷಯ ಗಮನಿಸಿ. ಈ ಪರೀಕ್ಷೆ ಮಾಡಿದ್ದು ಕಾರ್ಖಾನೆಗೆ, ಹೋಟೆಲಿನ ಅಡುಗೆಕೋಣೆಗೆ, ಬೂಟು ಹಾಕಿ ಕೆಲಸ ಮಾಡುವವರಿಗೆ. ನಮ್ಮ ಜಗಲಿಯಲ್ಲಿ ಬೂಟೂ ಇಲ್ಲ, ಇಂಜಿನ್ ಆಯಿಲೂ ಇಲ್ಲ. ಹಾಗಾದರೆ ಬರಿಗಾಲಿಗೆ ಯಾರೂ ಪರೀಕ್ಷೆ ಮಾಡಲಿಲ್ಲವಾ?

ಮಾಡಿದ್ದಾರೆ! ಅದರ ಹೆಸರು ಡಿಐಎನ್ 51097. ಅದೇ ರೀತಿಯ ಹಲಗೆ, ಆದರೆ ಎಣ್ಣೆಯ ಬದಲು ಸೋಪಿನಂಥ ನೀರು ಹರಿಸುತ್ತಾರೆ. ನಡೆಯುವವರು ಬರಿಗಾಲಲ್ಲಿ ನಡೆಯಬೇಕು. ಅದಕ್ಕೂ ಮೊದಲು ಕಾಲನ್ನು ನೀರಲ್ಲಿ ನೆನೆಸಿಕೊಳ್ಳಬೇಕು. ಯಾಕೆಂದರೆ ನೆನೆದ ಚರ್ಮ ಒಣ ಚರ್ಮದ ಹಾಗೆ ಹಿಡಿಯುವುದಿಲ್ಲ. ತೋಟಕ್ಕೆ ಹೋಗಿ ಮಳೆಯಲ್ಲಿ ನೆನೆದು ಬಂದ ಕಾಲು ಜಗಲಿಗೆ ಇಡುವಾಗ ಹೇಗಿರುತ್ತದೋ ಅದೇ ಸ್ಥಿತಿ. ಈಜುಕೊಳಕ್ಕೆ ಅಂತ ಮಾಡಿದ ಪರೀಕ್ಷೆ, ನಮ್ಮ ಆಟಿ ತಿಂಗಳಿಗೆ ಸರಿಯಾಗಿ ಹೊಂದುತ್ತದೆ.

ಇಲ್ಲಿ ಮೂರೇ ದರ್ಜೆ. 12 ಡಿಗ್ರಿವರೆಗೆ ನಿಂತರೆ ಎ. ಅದು ಬಟ್ಟೆ ಬದಲಾಯಿಸುವ ಕೋಣೆಯಂಥ ಹೆಚ್ಚು ಒಣಗಿರುವ ಜಾಗಕ್ಕೆ. 18 ಡಿಗ್ರಿಗೆ ಬಿ. ಅದು ಸ್ನಾನದ ಜಾಗಕ್ಕೆ, ಕೊಳದ ಸುತ್ತಲಿನ ನೆಲಕ್ಕೆ. 24 ಡಿಗ್ರಿಗೆ ಸಿ. ಅದು ನೀರಿಗಿಳಿಯುವ ಮೆಟ್ಟಿಲಿಗೆ. ನಮ್ಮ ಜಗಲಿಗೆ ಬಿ ಬೇಕು. ಹೊರಗಿನ ಮೆಟ್ಟಿಲಿಗೆ ಸಿ ಇದ್ದರೆ ನೆಮ್ಮದಿ.

ಮುಖ್ಯವಾದ ಮಾತು: ಬೂಟಿನ ಸಂಖ್ಯೆಯಿಂದ ಬರಿಗಾಲಿನ ದರ್ಜೆ ಲೆಕ್ಕ ಹಾಕಲಿಕ್ಕೆ ಬರುವುದಿಲ್ಲ. ರಬ್ಬರಿನ ಅಡಿ ಬೇರೆ, ಚರ್ಮ ಬೇರೆ. ಹೊರದೇಶಕ್ಕೆ ಮಾಲು ಕಳಿಸುವ ಕಂಪನಿಗಳ ಡಾಟಾ ಶೀಟ್‌ನಲ್ಲಿ, ಅಂದರೆ ಟೈಲ್‌ನ ಗುಣ ಬರೆದ ಹಾಳೆಯಲ್ಲಿ, ಎರಡೂ ಬರೆದಿರುವುದುಂಟು. ನಮ್ಮ ಅಂಗಡಿಗಳಿಗೆ ಬರುವ ಟೈಲ್ ಬಹುಪಾಲು ಗುಜರಾತಿನ ಮೋರ್ಬಿಯದ್ದು. ಡೀಲರ್ ಹತ್ತಿರ ಆ ಶೀಟ್ ಕೇಳಿ, ಸಂಕೋಚ ಬೇಡ. ನೀವು ಕೊಡುವ ದುಡ್ಡಿಗೆ ಕೇಳುವ ಹಕ್ಕು ಉಂಟು.

ಶೀಟ್ ಸಿಗಲಿಲ್ಲವಾ? ಹಾಗಾದರೆ ಒಂದು ಸ್ಯಾಂಪಲ್ ಟೈಲ್ ಮನೆಗೆ ತನ್ನಿ. ಕಾಲು ಚೆನ್ನಾಗಿ ನೆನೆಸಿ, ಟೈಲ್ ಮೇಲೆ ಸೋಪಿನ ನೀರು ಹಾಕಿ, ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದುಕೊಂಡು ಪಾದ ಉಜ್ಜಿ ನೋಡಿ. ಹೊಳಪಿನದ್ದು ಮತ್ತು ಮ್ಯಾಟ್, ಎರಡನ್ನೂ ಪಕ್ಕ ಪಕ್ಕ ಇಟ್ಟರೆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಈ ಪರೀಕ್ಷೆ ಅಜ್ಜಿಯಿಂದ ಮಾಡಿಸಬೇಡಿ. ಗಟ್ಟಿ ಕಾಲಿನವರು ಮಾಡಿ.

ಹಾಗಂತ ತುಂಬ ಒರಟು ಟೈಲೂ ಬೇಡ. ನಮ್ಮ ಕೆಂಪು ಮಣ್ಣು ಆ ತಗ್ಗುಗಳಲ್ಲಿ ಕೂತರೆ ಒರೆಸುವ ಬಟ್ಟೆ ಹರಿಯುತ್ತದೆಯೇ ಹೊರತು ಮಣ್ಣು ಬರುವುದಿಲ್ಲ. ಕೈಯಾಡಿಸಿದರೆ ಸಣ್ಣ ಮರಳಿನಂತೆ ತಾಗುವ ಮ್ಯಾಟ್ ಸಾಕು. ಬೂಟಿನ ಲೆಕ್ಕದಲ್ಲಿ ಹೇಳುವುದಾದರೆ ಆರ್ 11ರ ಸುತ್ತಮುತ್ತ, ಆದರೆ ಬರಿಗಾಲಿನ ಬಿ ಇದೆಯಾ ಅಂತ ಬೇರೆಯೇ ನೋಡಬೇಕು.

ಇನ್ನು ಒಂದೊಂದೇ ನೋಡುವ.

ವಿಟ್ರಿಫೈಡ್‌ನಲ್ಲಿ ಜಿವಿಟಿ, ಡಬಲ್ ಚಾರ್ಜ್, ಫುಲ್ ಬಾಡಿ ಅಂತೆಲ್ಲ ಹೇಳುತ್ತಾರೆ. ಜಿವಿಟಿ ಅಂದರೆ ಗ್ಲೇಜ್ಡ್ ವಿಟ್ರಿಫೈಡ್ ಟೈಲ್, ಅದರಲ್ಲಿ ಬಣ್ಣ, ಚಿತ್ರ ಎಲ್ಲ ಮೇಲಿನ ತೆಳ್ಳಗಿನ ಪದರದಲ್ಲಿ ಮಾತ್ರ. ಡಬಲ್ ಚಾರ್ಜ್‌ನಲ್ಲಿ ಆ ಪದರ 3-4 ಮಿಲಿಮೀಟರ್ ದಪ್ಪ, ಆದರೆ ಅದು ಬರುವುದು ಹೆಚ್ಚಾಗಿ ಹೊಳಪಿನಲ್ಲೇ. ಫುಲ್ ಬಾಡಿಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ. ನಮ್ಮ ಜಗಲಿ ಬರೀ ಕೂತು ಕಾಫಿ ಕುಡಿಯುವ ಜಾಗ ಅಲ್ಲವಲ್ಲ. ಅಲ್ಲೇ ತೆಂಗಿನಕಾಯಿ ಸುಲಿಯುತ್ತೇವೆ, ಅಡಿಕೆ ಆರಿಸುತ್ತೇವೆ, ಕತ್ತಿ, ಹಾರೆ ಬೀಳುತ್ತದೆ. ಜಿವಿಟಿಯ ಅಂಚು ಚಕ್ಕೆ ಎದ್ದರೆ ಒಳಗಿನ ಬೇರೆ ಬಣ್ಣ ಕಾಣುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ. ಫುಲ್ ಬಾಡಿಯಲ್ಲಿ ಚಕ್ಕೆ ಎದ್ದರೂ ಅಷ್ಟು ಗೊತ್ತಾಗುವುದಿಲ್ಲ. ಹಾಗಾಗಿ ನನ್ನ ಮೊದಲ ಆಯ್ಕೆ ಫುಲ್ ಬಾಡಿ ಮ್ಯಾಟ್. ಬಜೆಟ್ ಕಮ್ಮಿ ಇದ್ದರೆ ದಪ್ಪದ ಪಾರ್ಕಿಂಗ್ ಟೈಲ್ಸ್. ನೋಡಲಿಕ್ಕೆ ಸಾಧಾರಣ, ಆದರೆ ಕಮ್ಮಿ ಬಜೆಟ್‌ನಲ್ಲಿ ಕೆಲಸದ ಮನೆಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಗ್ರಾನೈಟ್ ಹಾಕಿಸುವವರು ಪಾಲಿಶ್ ಬೇಡ, ಫ್ಲೇಮ್ಡ್ ಅಥವಾ ಲೆದರ್ ಫಿನಿಶ್ ಕೇಳಿ. ಲೆದರ್ ಅಂದರೆ ತೊಗಲಿನ ಹಾಗೆ ಸ್ವಲ್ಪ ಏರಿಳಿತ ಇರುವ ಮೇಲ್ಮೈ. ಫ್ಲೇಮ್ಡ್ ಅಂದರೆ ಕಲ್ಲಿನ ಮೇಲೆ ಬೆಂಕಿಯ ಜ್ವಾಲೆ ಹಾಯಿಸುವುದು. ಬಿಸಿಗೆ ಒಳಗಿನ ಕಣಗಳು ಹಿಗ್ಗಿ ಮೇಲಿನ ಚಕ್ಕೆ ಸಿಡಿದುಹೋಗುತ್ತದೆ, ಕಾಲಿಗೆ ಹಿಡಿತ ಸಿಗುತ್ತದೆ. ಮೆಟ್ಟಿಲಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಕೋಟಾ ಬರುವುದು ರಾಜಸ್ಥಾನದಿಂದ, ಕಡಪ ಕಲ್ಲು ಆಂಧ್ರದಿಂದ. ಎರಡೂ ಸುಣ್ಣದಕಲ್ಲಿನ ಜಾತಿ. ಹುಳಿ ಇವಕ್ಕೆ ಆಗುವುದೇ ಇಲ್ಲ. ಪಾಲಿಶ್ ಮಾಡಿದ ಕಡಪದ ಮೇಲೆ ಲಿಂಬೆರಸ ಬಿದ್ದು ಸ್ವಲ್ಪ ಹೊತ್ತು ಉಳಿದರೆ ಅಲ್ಲಿ ಹೊಳಪು ಹೋದ ಮಚ್ಚೆ ಖಾಯಂ. ಬಾತ್‌ರೂಮಿನ ಆ್ಯಸಿಡ್ ಹಾಕಿ ತೊಳೆದರಂತೂ ಕಲ್ಲನ್ನೇ ತಿನ್ನುತ್ತದೆ. ಪಾಲಿಶ್ ಇಲ್ಲದ ಕೋಟಾ ಒಳ್ಳೆಯ ಆಯ್ಕೆ, ಕಾಲಿಗೂ ತಂಪು.

ಕಾವಿ ನೆಲ ನನಗೆ ತುಂಬ ಪ್ರೀತಿಯದು. ಹಳೆ ಮನೆಗಳ ಚಾವಡಿಯಲ್ಲಿ, ವರ್ಷಗಟ್ಟಲೆ ತೆಂಗಿನೆಣ್ಣೆ ಉಜ್ಜಿ ಕನ್ನಡಿಯಾದ ಆ ಕೆಂಪು ನೆಲಕ್ಕೆ ಸಾಟಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದರೆ ಅದು ಮಾಡು (ಛಾವಣಿ) ಉದ್ದಕ್ಕೆ ಇಳಿದ, ಎರಚಲು ಮುಟ್ಟದ ಒಳಜಾಗದ ನೆಲ. ನಯವಾದ ಕಾವಿಯ ಮೇಲೆ ನೀರು ನಿಂತರೆ ಜಾರುತ್ತದೆ, ಮಳೆ ತಾಗುವ ಅಂಚಿನಲ್ಲಿ ಪಾಚಿ ಹಿಡಿಯುತ್ತದೆ. ಕೆಲಸ ಬಲ್ಲ ಮೇಸ್ತ್ರಿಯೂ ಈಗ ಸಿಗುವುದು ಕಷ್ಟ. ಸಿಕ್ಕಿದರೆ, ಒಳಗಿನ ಚಾವಡಿಗೆ ಖಂಡಿತ ಮಾಡಿಸಿ.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನಮ್ಮ ಕಡೆಯ ಮಾಡುಗಳ ಚಹರೆಯೇ ಬದಲಾಯಿತು. ನೆಲಕ್ಕೂ ಮಣ್ಣಿನ ಹಂಚು ಬಂತು. ಚಂದ ಉಂಟು, ಆದರೆ ನೀರು ಕುಡಿಯುತ್ತದೆ. ತೆರೆದ ಜಾಗಕ್ಕೆ ಹಾಕುವುದಾದರೆ ಸೀಲರ್ ಬಳಿಯಬೇಕು, ಆಗಾಗ ಮತ್ತೆ ಬಳಿಯುತ್ತಲೂ ಇರಬೇಕು.

ಮರ, ಲ್ಯಾಮಿನೇಟ್, ವಿನೈಲ್ ಶೀಟ್? ಗೆದ್ದಲು ಮತ್ತು ಕೆಳಗಿಂದ ಏರುವ ತೇವ ಇರುವ ಊರಲ್ಲಿ ನಾನು ಹೇಳುವುದಿಲ್ಲ.

ವಿಡಿಯೋ ಉದ್ದವಾಗುತ್ತಿದೆ. ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ, ಆದರೆ ಇವು ಸಣ್ಣ ವಿಷಯ ಅಲ್ಲ. ಟೈಲ್ ಹಾಳಾಗುವುದಕ್ಕಿಂತ ಟೈಲ್‌ನ ಅಡಿ ಹಾಳಾಗುವುದೇ ಜಾಸ್ತಿ.

[ಪರದೆ ಮೇಲೆ: ಮೇಸ್ತ್ರಿ ಟೈಲ್ ಕೂರಿಸುತ್ತಿರುವುದು]

ನೆಲಕ್ಕೆ ಹೊರಗಡೆಗೆ ಇಳಿಜಾರು ಬೇಕು, ಮೀಟರಿಗೆ 1 ಸೆಂಟಿಮೀಟರ್. ಕುರ್ಚಿ ಅಲುಗಾಡುವುದಿಲ್ಲ, ನೀರು ಮಾತ್ರ ಹರಿಯುತ್ತದೆ. ಟೈಲ್ ಕೂರಿಸುವ ಮೊದಲೇ ಕಾಂಕ್ರೀಟಿನ ಮೇಲೆ ಒಂದು ಬಕೆಟ್ ನೀರು ಚೆಲ್ಲಿ ಎಲ್ಲಿ ನಿಲ್ಲುತ್ತದೆ ನೋಡಿ. ಆಮೇಲೆ ನೋಡಿ ಪ್ರಯೋಜನ ಇಲ್ಲ. ಜಗಲಿಯ ನೆಲ ಒಳಗಿನ ಹಾಲ್‌ಗಿಂತ ತಗ್ಗಿರಲಿ, ಇಲ್ಲದಿದ್ದರೆ ಎರಚಲಿನ ನೀರು ಒಳಗೇ ಬರುತ್ತದೆ.

ವಿಟ್ರಿಫೈಡ್ ನೀರು ಎಳೆಯುವುದಿಲ್ಲ ಅಂದೆ ಅಲ್ವಾ? ಅದೇ ಕಾರಣಕ್ಕೆ ಬರೀ ಸಿಮೆಂಟ್ ಹಾಲು ಅದಕ್ಕೆ ಸರಿಯಾಗಿ ಅಂಟುವುದಿಲ್ಲ. ಟೈಲ್ ಅಡೆಸಿವ್ (ಟೈಲ್ ಅಂಟು) ಬಳಸಿ, ಚೀಲದ ಮೇಲೆ ಐಎಸ್ 15477 ಅಂತ, ಅಂದರೆ ಈ ಅಂಟಿನ ಭಾರತೀಯ ಮಾನದಂಡದ ಸಂಖ್ಯೆ, ಇದೆಯಾ ನೋಡಿ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಅಂತ ಉಂಡೆ ಇಟ್ಟು ಕೂರಿಸಲಿಕ್ಕೆ ಬಿಡಬೇಡಿ. ಹಲ್ಲಿನ ಕರಣೆಯಲ್ಲಿ ಪೂರ್ತಿ ಬಳಿಯಬೇಕು. ಒಣಗಿದ ಮೇಲೆ ನಾಣ್ಯದಿಂದ ಒಂದೊಂದೇ ಟೈಲ್ ತಟ್ಟಿ. ಖಾಲಿ ಮಡಕೆ ತಟ್ಟಿದ ಹಾಗೆ ಸದ್ದು ಬಂದರೆ ಅಡಿ ಟೊಳ್ಳು, ಅದನ್ನು ಆಗಲೇ ಕೀಳಿಸಿ. ಮೇಸ್ತ್ರಿಗೆ ಬೇಜಾರಾಗಬಹುದು. ಆದರೂ ಹೇಳಿ, ಮರ್ಯಾದೆಯಿಂದ ಹೇಳಿ.

ಟೈಲ್‌ಗಳ ನಡುವೆ 3 ಮಿಲಿಮೀಟರ್ ಸಂದು ಬಿಡಿ. ಒಂದಕ್ಕೊಂದು ಅಂಟಿಸಿ ಹಾಕಿದರೆ ಏಪ್ರಿಲ್ ಬಿಸಿಲಿಗೆ ಹಿಗ್ಗಿ ನಡುವೆ ಎದ್ದು ನಿಲ್ಲುತ್ತದೆ. ಆ ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿಸಿ. ದುಬಾರಿ, ಹೌದು. ಆದರೆ ಪಾಚಿ ಮೊದಲು ಶುರುವಾಗುವುದೇ ಸಿಮೆಂಟ್ ತುಂಬಿದ ಸಂದಿನಲ್ಲಿ. ಎಪಾಕ್ಸಿ ನೀರು ಕುಡಿಯುವುದಿಲ್ಲ, ಹಾಗಾಗಿ ಅಲ್ಲಿ ಪಾಚಿ ಸುಲಭಕ್ಕೆ ಬೇರು ಬಿಡುವುದಿಲ್ಲ.

ಕೊನೆಗೆ, ಒಂದು ಬಾಕ್ಸ್ ಟೈಲ್ ಜಾಸ್ತಿ ತೆಗೆದು ಅಟ್ಟದಲ್ಲಿ ಇಡಿ. ಅದೇ ಹೆಸರಿನ ಟೈಲ್ ಮುಂದೆ ಸಿಕ್ಕಿದರೂ ಬ್ಯಾಚ್ ಬದಲಾದರೆ ಬಣ್ಣ ಸ್ವಲ್ಪ ಬೇರೆ ಬರುತ್ತದೆ. ಬಾಕ್ಸ್ ಇಳಿಸಿಕೊಳ್ಳುವಾಗಲೇ ಎಲ್ಲದರ ಮೇಲೂ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ. ಬೇರೆ ಇದ್ದರೆ ಲಾರಿ ಹೋಗುವ ಮೊದಲೇ ವಾಪಸ್ ಕೊಡಿ.