ಜೋ, ನಿನಗೆ ಎಲ್ಲಿ ಬೀಳಬೇಕು?

ಜಪಾನಿನ ಸೆಂದೈಯಿಂದ ಹೊರಟ ರೈಲು ಇಶಿನೊಮಾಕಿಗೆ ಬಂತು. ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೆ ಪ್ರತಿಮೆಯಾಗಿ ಇವನೇ ನಿಂತಿದ್ದಾನೆ ನೋಡಿ. ಕುತ್ತಿಗೆಗೆ ಉದ್ದನೆಯ ಸ್ಕಾರ್ಫ್, ಒಂದು ಕಣ್ಣು ಮುಚ್ಚುವಷ್ಟು ಕೂದಲು. ಶಿಮಾಮುರಾ ಜೋ. ‘ಸೈಬಾರ್ಗ್ 009’ ಎಂಬ ಮಾಂಗಾದ, ಅಂದರೆ ಜಪಾನಿ ಕಾಮಿಕ್ಸಿನ, ನಾಯಕ. ಇವನಿಗೋಸ್ಕರವೇ ನಾನು ಇಷ್ಟು ದೂರ ಬಂದಿದ್ದು.

ಇವನನ್ನು ಬರೆದವರು ಶೋತಾರೋ ಇಶಿನೊಮೊರಿ. ಇದೇ ಮಿಯಾಗಿ ಪ್ರಾಂತ್ಯದಲ್ಲಿ 1938ರಲ್ಲಿ ಹುಟ್ಟಿದವರು. ಕಾಮೆನ್ ರೈಡರ್ ಅನ್ನುವ ಇನ್ನೊಬ್ಬ ಹೆಸರಾಂತ ನಾಯಕ ಕೂಡ ಅವರದೇ, ಆದರೆ ಅದು ಆಮೇಲೆ. ಈ ಮಾಂಗಾ ಶುರುವಾಗಿದ್ದು 1964ರಲ್ಲಿ.

ಕಥೆಯಲ್ಲಿ ಬ್ಲ್ಯಾಕ್ ಘೋಸ್ಟ್ ಅಂತ ಒಂದು ಗುಂಪು. ಆಯುಧ ಮಾರುವವರು. ಯುದ್ಧ ನಿಂತರೆ ಅವರ ಅಂಗಡಿ ಮುಚ್ಚುತ್ತದೆ, ಅಲ್ವಾ? ಅದಕ್ಕೆ ಬೇರೆ ಬೇರೆ ದೇಶಗಳಿಂದ ಒಂಬತ್ತು ಜನರನ್ನು ತಂದು, ಮೈಯೊಳಗೆ ಯಂತ್ರ ತುಂಬಿ, 001ರಿಂದ 009ರವರೆಗೆ ನಂಬರ್ ಕೊಟ್ಟು, ಅವರನ್ನೇ ಆಯುಧ ಮಾಡುತ್ತಾರೆ. ಆ ಒಂಬತ್ತು ಜನ ತಿರುಗಿ ಬೀಳುತ್ತಾರೆ. ಜೋನ ದವಡೆ ಹಲ್ಲಿನಲ್ಲಿ ಒಂದು ಸ್ವಿಚ್ ಇದೆ. ಕಚ್ಚಿದರೆ ಸಾಕು, ಕಣ್ಣಿಗೆ ಕಾಣದಷ್ಟು ವೇಗ. ಆದರೆ ನನಗೆ ಜಾಸ್ತಿ ಕಾಡುವವನು 004, ಆಲ್ಬರ್ಟ್ ಹೈನ್‌ರಿಕ್. ಪೂರ್ವ ಜರ್ಮನಿಯಿಂದ ತಪ್ಪಿಸಿಕೊಂಡು ಹೋಗುವಾಗ ಮದುವೆಯಾಗಬೇಕಿದ್ದ ಹುಡುಗಿ ಸತ್ತಳು. ಇವನು ಉಳಿದ, ಬಲಗೈ ಬೆರಳುಗಳು ಮೆಷಿನ್ ಗನ್ ಆಗಿ. ಈ ಕಥೆ ಶುರುವಾದಾಗ ಬರ್ಲಿನ್ ಗೋಡೆ ಎದ್ದು ಇನ್ನೂ ಮೂರೇ ವರ್ಷ.

1966ರಲ್ಲಿ ತೋಯೆ ಕಂಪನಿ ಇದನ್ನು ಕಾರ್ಟೂನ್ ಸಿನಿಮಾ ಮಾಡಿತು. ಮಕ್ಕಳಿಗೆ ಅಂತ ತುಂಬಾ ಹಗುರ ಮಾಡಿದರು. ಮಾಂಗಾದಲ್ಲಿ ದೊಡ್ಡ ವಯಸ್ಸಿನ ನಟನಾಗಿದ್ದ 007 ಅಲ್ಲಿ ಚಿಕ್ಕ ಹುಡುಗ! ಆದರೆ 1968ರ ಕಪ್ಪು-ಬಿಳುಪು ಟಿವಿ ಸರಣಿಯನ್ನು ತಳ್ಳಿಹಾಕಬೇಡಿ. ಅದರ ಒಂದು ಕಂತಿನಲ್ಲಿ, ಮಗನನ್ನು ಯುದ್ಧದಲ್ಲಿ ಕಳೆದುಕೊಂಡ ವಿಜ್ಞಾನಿಯೊಬ್ಬ ಮುಳುಗಿದ ಯುದ್ಧನೌಕೆಗಳನ್ನು ಸಮುದ್ರದಿಂದ ಎಬ್ಬಿಸುತ್ತಾನೆ. ಯುದ್ಧ ಬೇಡ ಎನ್ನುವ ಜಪಾನ್ ಸಂವಿಧಾನದ 9ನೇ ವಿಧಿಯೂ ಅದರಲ್ಲಿ ಬರುತ್ತದೆ. ಮಕ್ಕಳ ಕಾರ್ಟೂನಿನಲ್ಲಿ! ಆಮೇಲೆ 1979ರಲ್ಲಿ ಒಂದು ಸರಣಿ, 2012ರಲ್ಲಿ ಒಂದು ಸಿನಿಮಾ ಬಂದವು. ನೀವು ಒಂದನ್ನೇ ನೋಡುವುದಾದರೆ 2001ರ ಟಿವಿ ಸರಣಿ ನೋಡಿ. 51 ಕಂತುಗಳಿವೆ. ಮಾಂಗಾದ ನೋವನ್ನು ಅದು ಬಿಟ್ಟುಕೊಡಲಿಲ್ಲ.

ಇಗೋ, ನದಿಯ ನಡುವಿನ ದ್ವೀಪದಲ್ಲಿ ಬಿಳಿ ಆಕಾಶನೌಕೆಯ ಹಾಗೆ ಕಾಣುತ್ತಿದೆಯಲ್ಲ, ಅದೇ ಇಶಿನೊಮೊರಿ ಮ್ಯೂಸಿಯಂ. 2011ರ ಸುನಾಮಿಯಲ್ಲಿ ಕೆಳಗಿನ ಮಹಡಿಗೆ ನೀರು ನುಗ್ಗಿತ್ತು. ಸುತ್ತಲಿನ ಊರಿನ ಪಾಡು ಹೇಳಲಾಗದು. 2012ರ ನವೆಂಬರಿನಲ್ಲಿ ಮತ್ತೆ ಬಾಗಿಲು ತೆರೆದರು.

ಇಲ್ಲೇ ದಡದಲ್ಲಿ ಕೂತು, ಬ್ಯಾಗಿನಲ್ಲಿರುವ ಪುಸ್ತಕದ ಆ ಪುಟ ತೆಗೆಯುತ್ತೇನೆ. ಇಶಿನೊಮೊರಿ ಕಥೆಯನ್ನು ಇಲ್ಲಿಗೇ ಮುಗಿಸಲು ಹೊರಟಿದ್ದರು, ಓದುಗರು ಬಿಡಲಿಲ್ಲ. ಬಾಹ್ಯಾಕಾಶದಲ್ಲಿ ಶತ್ರುವನ್ನು ಮುಗಿಸಿದ ಜೋನನ್ನು ಕರೆತರಲು 002, ಅಂದರೆ ಜೆಟ್, ಮೇಲಕ್ಕೆ ಹಾರುತ್ತಾನೆ. ಇಂಧನ ಖಾಲಿ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಉರಿಯುತ್ತಾ ಭೂಮಿಯ ಕಡೆ ಬೀಳುತ್ತಾರೆ. ಜೆಟ್ ಕೇಳುತ್ತಾನೆ, ಜೋ, ನಿನಗೆ ಎಲ್ಲಿ ಬೀಳಬೇಕು ಅಂತ.

ಕೆಳಗೆ ಒಂದು ಮನೆಯಲ್ಲಿ ಅಕ್ಕ ತಮ್ಮ ಅದನ್ನು ಉಲ್ಕೆ ಅಂದುಕೊಂಡು, ನೋಡಿ ಬೇಡಿಕೊಳ್ಳುತ್ತಾರೆ. ತಮ್ಮ ಆಟದ ಕೋವಿ ಬೇಕು ಅಂತ ಕೇಳಿಕೊಂಡಿದ್ದಾನೆ. ಅಕ್ಕ ಕೇಳಿಕೊಂಡಿದ್ದು, ಪ್ರಪಂಚದಲ್ಲಿ ಯುದ್ಧವೇ ಇರಬಾರದು ಅಂತ.