ಕ್ಷಮಾಪಣೆ ಪತ್ರ ಬರೆಯಬೇಡಿ, ಸಿಸ್ಟರ್

ನಮಸ್ಕಾರ. ಕೋಲಾರ, ಮಾಲೂರು, ಮುಳಬಾಗಿಲು, ಬಂಗಾರಪೇಟೆ ಕಡೆ ಎಲ್ಲೋ ಡ್ಯೂಟಿ ಮುಗಿಸಿ, ರೂಮಿನಲ್ಲಿ ಕಾಲು ಚಾಚಿಕೊಂಡು ರೇಡಿಯೋ ಕೇಳುತ್ತಿರುವ ಸಿಸ್ಟರ್‌ಗಳೇ, ಬ್ರದರ್‌ಗಳೇ, ನಾನು ಮಾತಾಡುತ್ತಿರುವುದು ನಿಮ್ಮ ಜೊತೆಗೇ. ನರ್ಸಾಗಿ ವಾರ್ಡುಗಳಲ್ಲೇ ಮೂವತ್ತು ವರ್ಷ ಕಳೆದವಳು ನಾನು. ನಿಮ್ಮ ಮೇಲೆ ಸುಳ್ಳು ದೂರು ಬಂದರೆ ಮಾಡಬಾರದ ಒಂದು ಕೆಲಸ ಮೊದಲೇ ಹೇಳಿಬಿಡುತ್ತೇನೆ. ಮಾಡದ ತಪ್ಪಿಗೆ ಕ್ಷಮಾಪಣೆ ಪತ್ರ ಬರೆಯಬೇಡಿ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ, ಅಳುತ್ತಾ ನಮ್ಮ ಮನೆಗೆ ಬಂದಳು. ನೈಟ್ ಡ್ಯೂಟಿಯಲ್ಲಿ ನಿದ್ದೆ ಮಾಡಿದ್ದಾಳೆ, ಡ್ರಿಪ್ ಹಾಕಿದ ಕೈ ಊದಿಕೊಂಡರೂ ಬಂದು ನೋಡಲಿಲ್ಲ ಅಂತ ಪೇಷೆಂಟ್ ಕಡೆಯವನೊಬ್ಬ ದೂರು ಕೊಟ್ಟಿದ್ದ. ಅವನು ಮಲಗಿದ್ದದ್ದು ವರಾಂಡದಲ್ಲಿ, ಹುಡುಗಿ ಇದ್ದದ್ದು ಹಾಸಿಗೆ ಪಕ್ಕದಲ್ಲಿ. “ಒಂದು ಅಪಾಲಜಿ ಬರೆದುಕೊಟ್ಟುಬಿಡಮ್ಮಾ, ಇಲ್ಲಿಗೇ ಮುಗಿಸೋಣ” ಅಂದರಂತೆ ಮೇಲಿನವರು. ಪಾಪ, ಬರೆದು, ನಾಲ್ಕು ಮಡಿಕೆ ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡೇ ಬಂದಿದ್ದಳು. ನಾನು ಈಸಿಕೊಂಡು ಹರಿದುಹಾಕಿದೆ. ಕಾಫಿ ಕೊಟ್ಟೆ. ಆಮೇಲೆ ಕೇಳಿದೆ, ಕೇಸ್ ಶೀಟಿನ ನೋಟ್ಸ್‌ನಲ್ಲಿ ಏನು ಬರೆದಿದ್ದೀಯಾ?

ಸದ್ಯ, ಬರೆದಿದ್ದಳು. ಕೈ ಊದಿದ್ದು ಕಂಡದ್ದು, ಹಳೇ ಕ್ಯಾನುಲಾ, ಅಂದರೆ ಡ್ರಿಪ್ಪಿನ ನಳಿಕೆ, ತೆಗೆದು ಇನ್ನೊಂದು ಕೈಗೆ ಹಾಕಿದ್ದು, ಡ್ಯೂಟಿ ಡಾಕ್ಟರಿಗೆ ತಿಳಿಸಿದ್ದು, ಎಲ್ಲಾ ಇತ್ತು. ಅವಸರದಲ್ಲಿ ಮೊದಲು 3.10 ಅಂತ ಬರೆದು, ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ 2.10 ಅಂತ ಬರೆದು ಸಹಿ ಹಾಕಿದ್ದಳು. ವಿಚಾರಣೆಯಲ್ಲಿ ಅವಳನ್ನು ಉಳಿಸಿದ್ದು ಆ ಗೆರೆ! ಸುಳ್ಳು ಬರೆಯುವವರು ಹಳೇ ಅಂಕಿ ಕಾಣೋ ಹಾಗೆ ಬಿಡ್ತಾರಾ? 2.25ಕ್ಕೆ ಡಾಕ್ಟರ್ ಬಂದು ನೋಡಿ ಬರೆದದ್ದೂ ಅದಕ್ಕೆ ತಾಳೆಯಾಯಿತು. ವೈಟ್ನರ್ ಹಚ್ಚಿದ್ದರೆ ಕಥೆಯೇ ಬೇರೆ. ಇನ್ನು ಆ ಅಪಾಲಜಿ ಫೈಲಿಗೆ ಸೇರಿದ್ದಿದ್ದರೆ, ನೋಟ್ಸ್ ತೆರೆದು ನೋಡುವ ಕಷ್ಟ ಯಾರು ತೆಗೆದುಕೊಳ್ಳುತ್ತಿದ್ದರು? ಒಪ್ಪಿಕೊಂಡಿದ್ದಾಳಲ್ಲ, ಅಷ್ಟೇ. ಅದಕ್ಕೇ ಹೇಳಿದ್ದು, ಬರೆಯಬೇಡಿ.

ಕಥೆಯಲ್ಲೇ ಟೈಮು ಹೋಯಿತು, ಉಳಿದದ್ದು ಬೇಗ ಹೇಳ್ತೀನಿ. ದೂರು ಏನು ಅಂತ ಬರವಣಿಗೆಯಲ್ಲಿ ಕೇಳಿ. ನೋಟಿಸಿಗೆ ಉತ್ತರ ಕೊಟ್ಟಾಗ ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸರ್ಕಾರಿ ನೌಕರರಿಗೆ 1957ರ ಸಿಸಿಎ ನಿಯಮಗಳಿವೆ, ಅಂದರೆ ಶಿಸ್ತು ಕ್ರಮ, ಮೇಲ್ಮನವಿಯ ನಿಯಮಗಳು. ಆರೋಪವನ್ನು ಬರೆದು ಕೊಡಬೇಕು, ನಿಮ್ಮ ಉತ್ತರಕ್ಕೆ ಅವಕಾಶ ಕೊಡಬೇಕು, ಇಲಾಖಾ ವಿಚಾರಣೆ ನಡೆದರೆ ಸಾಕ್ಷಿಗಳನ್ನು ನೀವೂ ಪ್ರಶ್ನೆ ಮಾಡಬಹುದು. ಖಾಸಗಿ ಆಸ್ಪತ್ರೆಯವರು ಮೊದಲು ನಿಮ್ಮ ನೇಮಕಾತಿ ಆದೇಶ ತೆಗೆದು ಓದಿ, ಯಾರೂ ಓದಲ್ಲ ಅದನ್ನ! ನಿನ್ನ ರಿಜಿಸ್ಟ್ರೇಷನ್ನೇ ತೆಗೆಸ್ತೀನಿ ಅಂತ ಯಾರಾದರೂ ಕೂಗಾಡಿದರೆ ಕೂಗಾಡಲಿ, ಅದು ಬೆಂಗಳೂರಿನ ನರ್ಸಿಂಗ್ ಕೌನ್ಸಿಲ್ ಕೈಯಲ್ಲಿದೆ, ಇವರ ಜೇಬಿನಲ್ಲಿಲ್ಲ. ದಯವಿಟ್ಟು ಕೇಸ್ ಶೀಟ್ ಫೋಟೋ ಹೊಡೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಆಮೇಲೆ ಸುಳ್ಳು ದೂರಿನ ಜೊತೆಗೆ ಒಂದು ನಿಜವಾದ ದೂರೂ ಸೇರುತ್ತದೆ.

ಗಾಜಿನ ಆಚೆಯಿಂದ ಸಾಕು ಅಂತ ಕೈ ತೋರಿಸುತ್ತಿದ್ದಾರೆ. ರಾತ್ರಿ ಪಾಳಿಗೆ ಹೊರಟವರು ಎರಡು ಪೆನ್ನು ಇಟ್ಟುಕೊಳ್ಳಿ. ಒಂದನ್ನು ಹೇಗೂ ಡಾಕ್ಟರ್ ತೆಗೆದುಕೊಂಡು ಹೋಗುತ್ತಾರೆ. ನಮಸ್ಕಾರ.