ಜೀರುಂಡೆಯ ರೆಕ್ಕೆ, ಆಸ್ಪತ್ರೆಯ ಪೈಪು

ಕಾರವಾರ ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ.

ಆಸ್ಪತ್ರೆಯಲ್ಲಿ ಮೂತ್ರಕ್ಕೆ ಪೈಪ್ ಹಾಕಿಸಿಕೊಂಡವರನ್ನು ನೋಡಿರುತ್ತೀರಿ. ಮಂಡಿ ಬದಲಿಸಿಕೊಂಡವರೂ ಈಗ ಊರಿಗೊಬ್ಬರು ಸಿಗುತ್ತಾರೆ. ಈ ಪೈಪು, ಈ ಲೋಹದ ಕೀಲುಗಳ ಮೇಲೆ ಬ್ಯಾಕ್ಟೀರಿಯಾ ಬಂದು ಕೂರುತ್ತವೆ. ಕೂತವು ಸುಮ್ನಿರುವುದಿಲ್ಲ. ಲೋಳೆ ಸುರಿಸಿ ಅದರೊಳಗೇ ಸಂಸಾರ ಹೂಡುತ್ತವೆ. ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆಗೆ ಲೋಳೆ ಸಿಗುತ್ತದಲ್ಲ, ಅದೂ ಇದೇ ಜಾತಿ. ಬಯೋಫಿಲ್ಮ್ ಅನ್ನುತ್ತೇವೆ. ಅದರೊಳಗೆ ಅಡಗಿದ ಬ್ಯಾಕ್ಟೀರಿಯಾ ಸಾಯಿಸಲು ಕೆಲವೊಮ್ಮೆ ಸಾವಿರ ಪಟ್ಟು ಜಾಸ್ತಿ ಆಂಟಿಬಯೋಟಿಕ್ ಬೇಕು. ಅಷ್ಟು ಕೊಟ್ಟರೆ ರೋಗಿ ಉಳಿಯಬೇಕಲ್ಲ!

ಅದಕ್ಕೇ ನನ್ನದು ಒಂದೇ ಮಾತು. ಮದ್ದು ಬದಲಿಸಿದರೆ ಸಾಲದು, ಅವು ಕೂರುವ ಜಾಗವನ್ನೇ ಬದಲಿಸಬೇಕು.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಜೀರುಂಡೆಯ ಪರಿಚಯ ಮಾಡಿಸಬೇಕಿಲ್ಲ. ಮಳೆ ಹಿಡಿಯುವ ಮುಂಚೆ ಕಿವಿ ಕಿವುಡಾಗುವಷ್ಟು ಕೂಗುತ್ತವೆ. ತೋಟದಲ್ಲಿ ಸತ್ತು ಬಿದ್ದ ಒಂದರ ರೆಕ್ಕೆ ಮುಟ್ಟಿ ನೋಡಿ, ನುಣುಪಾಗಿರುತ್ತದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಅಲ್ಲಿನ ಒಂದು ಜೀರುಂಡೆಯ ರೆಕ್ಕೆಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೈತುಂಬ ಮೊನೆ! ಒಂದೊಂದೂ ಸುಮಾರು 200 ನ್ಯಾನೊಮೀಟರ್ ಎತ್ತರ. ಒಂದು ಕೂದಲಿನ ದಪ್ಪದಷ್ಟಾಗಲು ಇಂಥ ನಾನೂರು ಮೊನೆ ಒಂದರ ಮೇಲೊಂದು ನಿಲ್ಲಬೇಕು. ಅದರ ಮೇಲೆ ಸ್ಯೂಡೊಮೋನಾಸ್ ಬಿಟ್ಟರು. ಆಸ್ಪತ್ರೆಗಳಲ್ಲಿ ನಮ್ಮನ್ನು ಬಹಳ ಕಾಡುವ ಬ್ಯಾಕ್ಟೀರಿಯಾ ಅದು. ಸುಮಾರು 3 ನಿಮಿಷದಲ್ಲಿ ಸತ್ತವು! ಇದು 2012ರ ಮಾತು. ರೆಕ್ಕೆಯಲ್ಲೇ ಏನೋ ವಿಷ ಇರಬೇಕು ಅನ್ನಿಸುತ್ತದೆ, ಅಲ್ವಾ? ಅವರಿಗೂ ಆ ಪ್ರಶ್ನೆ ಇತ್ತು. ರೆಕ್ಕೆಗೆ ತೆಳ್ಳಗೆ ಚಿನ್ನದ ಲೇಪ ಕೊಟ್ಟು ನೋಡಿದರು. ಆಗಲೂ ಸತ್ತವು. ಅಂದರೆ ಕೊಂದದ್ದು ವಿಷ ಅಲ್ಲ, ಮೊನೆ. ಹಲಸಿನ ಹಣ್ಣಿಗೆ ಒದ್ದೆ ಕಾಗದ ಎಳೆದು ಸುತ್ತಿದರೆ ಹರಿಯುತ್ತದಲ್ಲ, ಹಾಗೆ ಬ್ಯಾಕ್ಟೀರಿಯಾದ ಪೊರೆ ಜಗ್ಗಿ ಹರಿಯಿತು. ಯಾವ ಮದ್ದಿಗೂ ಬಗ್ಗದ ಬ್ಯಾಕ್ಟೀರಿಯಾಕ್ಕೂ ಪೊರೆ ಇದ್ದೇ ಇದೆ ನೋಡಿ. ಜಾಗ ಬದಲಿಸಿ ಅನ್ನುವುದು ಇದಕ್ಕೇ.

ಟೈಟಾನಿಯಂ ಕೀಲುಗಳ ಮೇಲೂ ಇಂಥ ಮೊನೆ ಎಬ್ಬಿಸುವ ಪ್ರಯೋಗಗಳು ನಡೆದಿವೆ. ಜೀರುಂಡೆಗೇ ಸಮಯ ಹೋಯಿತು, ಬೆಳ್ಳಿಯ ಬಗ್ಗೆ ಎರಡೇ ಮಾತು. ಪೈಪಿಗೆ ಬೆಳ್ಳಿಯ ನ್ಯಾನೊ ಕಣ ಲೇಪಿಸಿದರೆ, ಅದರಿಂದ ಬೆಳ್ಳಿಯ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಬೆಳ್ಳಿಯ ಪರಮಾಣುಗಳು, ಮೆಲ್ಲಗೆ ಹೊರಬಂದು ಬ್ಯಾಕ್ಟೀರಿಯಾದ ಪೊರೆ ಕೆಡಿಸುತ್ತವೆ. ಇದೂ ಜಾಗ ಬದಲಿಸುವ ಕೆಲಸವೇ.

ಇನ್ನು ನಿಮ್ಮ ಕೈಯಲ್ಲಿರುವುದು. ಹೋದ ಸಲ ಉಳಿದ ಆಂಟಿಬಯೋಟಿಕ್ ಗುಳಿಗೆಯನ್ನು ಜ್ವರ ಬಂತು ಅಂತ ನುಂಗಬೇಡಿ, ಎಷ್ಟು ಸಲ ಹೇಳುವುದು! ಮನೆಯವರಿಗೆ ಪೈಪ್ ಹಾಕಿದ್ದರೆ, ರೌಂಡ್ಸಿಗೆ ಬರುವ ವೈದ್ಯರನ್ನು ದಿನಾ ಕೇಳಿ: "ಇದು ಇನ್ನೂ ಬೇಕಾ ಡಾಕ್ಟ್ರೇ?" ಅವರು ಮುಖ ಸಿಂಡರಿಸಿದರೂ ಕೇಳಿ. ನಮಸ್ಕಾರ.